ಪ್ವೆಬ್ಲೊ: ಊರೂ ಅದೇ, ಜನವೂ ಅದೇ

ಇವತ್ತಿನ ಮಾತು ಸ್ಪ್ಯಾನಿಷ್ ಭಾಷೆಯ ‘ಪ್ವೆಬ್ಲೊ’ ಎಂಬ ಪದದ ಬಗ್ಗೆ. ಇದರ ಮೂಲ ಲ್ಯಾಟಿನ್ನಿನ ‘ಪೊಪುಲುಸ್’. ಅಲ್ಲಿ ಅದಕ್ಕೆ ಜನ ಎಂದರ್ಥ. ಸ್ಪ್ಯಾನಿಷಿನಲ್ಲಿ ಜನರ ಜೊತೆಗೆ ಅವರು ನೆಲೆನಿಂತ ಹಳ್ಳಿಯೂ ಪದದೊಳಗೆ ಸೇರಿಕೊಂಡಿತು.

ಆಗಸ್ಟ್ ತಿಂಗಳ ಸೆಕೆಗೆ ಮ್ಯಾಡ್ರಿಡ್ ಬಿಟ್ಟು ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಿ. ‘ಪ್ವೆಬ್ಲೊಗೆ’ ಎನ್ನುವವರು ಎಷ್ಟೋ ಮಂದಿ. ಅದು ಅಪ್ಪನದೋ ಅಜ್ಜಿಯದೋ ಹಳ್ಳಿ. ನಾವು ಹಬ್ಬಕ್ಕೆ ‘ಊರಿಗೆ ಹೋಗ್ತೀವಿ’ ಅನ್ನುವಾಗ ಹೆಸರು ಹೇಳುತ್ತೇವೆಯೇ? ಹಾಗೆಯೇ ಇದೂ.

ಆದರೆ ನಮ್ಮ ‘ಊರು’ ಹೋಗದಷ್ಟು ದೂರ ಅವರ ಪದ ಹೋಗುತ್ತದೆ. ಸ್ಪೇನಿನ 1978ರ ಸಂವಿಧಾನದ ಮೊದಲ ವಿಧಿಯ ಪ್ರಕಾರ, ರಾಷ್ಟ್ರದ ಪರಮಾಧಿಕಾರವಿರುವುದು ಸ್ಪೇನಿನ ‘ಪ್ವೆಬ್ಲೊ’ದಲ್ಲಿ. ಅಲ್ಲಿ ಅದನ್ನು ಹಳ್ಳಿ ಎಂದು ಯಾರೂ ಓದುವುದಿಲ್ಲ, ಅದು ಇಡೀ ಜನತೆ. ಸಿರಿವಂತರಿಗೂ ಆಳುವವರಿಗೂ ಎದುರಾಗಿ ಬಂದಾಗ ಅದೇ ಪದಕ್ಕೆ ಬಡಜನ, ಸಾಮಾನ್ಯ ಜನ ಎಂಬ ಅರ್ಥ.

ಈ ಅರ್ಥಗಳನ್ನು ನಿಘಂಟು ಸಂಖ್ಯೆ ಹಾಕಿ ಬೇರೆಬೇರೆ ಮಾಡುತ್ತದೆ. ಬದುಕಿನಲ್ಲಿ ಅವು ಅಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ ಎಂದು ನನ್ನ ನಂಬಿಕೆ. 1476ರಲ್ಲಿ ಕೋರ್ಡೊಬಾ ಸೀಮೆಯ ಫ್ವೆಂತೆ ಒಬೆಹುನಾ ಎಂಬ ಊರಿನವರು ತಮ್ಮನ್ನು ಹಿಂಸಿಸುತ್ತಿದ್ದ ಒಡೆಯನ ಮೇಲೆ ತಿರುಗಿಬಿದ್ದು ಅವನನ್ನು ಕೊಂದರು. ಸ್ಪೇನಿನ ನಾಟಕಕಾರ ಲೋಪೆ ದೆ ವೇಗಾ ಈ ಘಟನೆಯನ್ನೇ ನಾಟಕವಾಗಿಸಿದ. ಅದು ಅಚ್ಚಾದದ್ದು 1619ರಲ್ಲಿ. ನಾಟಕದಲ್ಲಿ ವಿಚಾರಣೆಗೆ ಬಂದ ನ್ಯಾಯಾಧೀಶ ಮುದುಕರನ್ನೂ ಮಕ್ಕಳನ್ನೂ ಬಿಡದೆ ಚಿತ್ರಹಿಂಸೆಗೆ ಗುರಿಮಾಡುತ್ತಾನೆ. ಕೊಂದವರು ಯಾರು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಬರುವುದು ಊರಿನ ಹೆಸರೊಂದೇ. ಒಬ್ಬನ ಹೆಸರೂ ಹೊರಬೀಳದೆ ಕೊನೆಗೆ ಅರಸನೇ ಕ್ಷಮಿಸಬೇಕಾಗುತ್ತದೆ. ಉತ್ತರ ಕೊಟ್ಟದ್ದು ಹಳ್ಳಿಯೋ ಜನವೋ? ಇಲ್ಲಿ ಆ ಎರಡರ ನಡುವೆ ಗೆರೆ ಎಳೆಯಲು ನನಗಂತೂ ಆಗದು.

ಸಾಗರ ದಾಟಿದ ಮೇಲೆ ಪದಕ್ಕೆ ಇನ್ನೊಂದು ಅರ್ಥ ಹುಟ್ಟಿತು. ಇಂದಿನ ನ್ಯೂ ಮೆಕ್ಸಿಕೋ ಪ್ರದೇಶಕ್ಕೆ ಬಂದ ಸ್ಪೇನಿನವರು, ಮಣ್ಣಿನಲ್ಲಿ ಮಹಡಿಯ ಮೇಲೆ ಮಹಡಿ ಎತ್ತಿ ಒಂದಕ್ಕೊಂದು ಅಂಟಿದಂತೆ ಕಟ್ಟಿದ ಮನೆಗಳನ್ನು ಕಂಡು, ಆ ಊರುಗಳನ್ನು ಪ್ವೆಬ್ಲೊ ಎಂದರು. ಅಲ್ಲಿನವರಿಗೂ ಅದೇ ಹೆಸರಾಯಿತು. ಆದರೆ ಆ ಊರುಗಳಲ್ಲೊಂದಾದ ತಾವೊಸಿನವರ ನುಡಿ ತಿವಾ, ಇನ್ನೊಂದಾದ ಆಕೊಮಾದವರದು ಕೆರೆಸ್. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಹೊರಗಿನವರ ಒಂದೇ ಪದ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿಬಿಟ್ಟಿತು. 1680ರಲ್ಲಿ ಪೊಪೆ ಎಂಬ ನಾಯಕನ ಕರೆಗೆ ಈ ಊರುಗಳು ಒಟ್ಟಾಗಿ ಎದ್ದು ಸ್ಪೇನಿನವರನ್ನು 12 ವರ್ಷ ಹೊರಗಟ್ಟಿದವು. ಪೊಪೆಯ ಊರನ್ನು ಸ್ಪೇನಿನವರು ಕರೆದದ್ದು ಸಾನ್ ಹ್ವಾನ್ ಪ್ವೆಬ್ಲೊ ಎಂದು. 2005ರಲ್ಲಿ ಅಲ್ಲಿನವರು ಆ ಹೆಸರನ್ನು ಕೈಬಿಟ್ಟು, ತಮ್ಮ ತೇವಾ ನುಡಿಯ ‘ಓಕೆ ಓವಿಂಗೆ’ಯನ್ನು ಮತ್ತೆ ಅಧಿಕೃತ ಹೆಸರಾಗಿಸಿಕೊಂಡರು.