ಅಂದಾಜಿನಿಂದ ಎಣಿಕೆಗೆ



ಉರ್ದುವಿನಲ್ಲಿ ಅಂದಾಜಾ, ಕನ್ನಡದಲ್ಲಿ ಅಂದಾಜು, ಪದ ಒಂದೇ. ಗಿಂತಿ ಎಂದರೆ ಎಣಿಕೆ, ಅದು ಬೇರೆ. ಇವೆರಡರ ನಡುವಿನ ಅಂತರವೇ ಇಂದಿನ ನನ್ನ ವಿಷಯ. ಭಾಷೆ ಕಲಿಸುವವರಿಗೆ ವಿಜ್ಞಾನದ ಉಸಾಬರಿ ಏಕೆಂದು ಕೇಳಬೇಡಿ.

2020ರಲ್ಲಿ ಕೋವಿಡ್ ಬಂದಾಗ ಪಿಸಿಆರ್ ಎಂಬ ಹೆಸರು ಹಳ್ಳಿಯ ಕಟ್ಟೆಗೂ ಬಂತು. ಬೆಳಗಾವಿಯ ಐಸಿಎಂಆರ್ ಸಂಸ್ಥೆಯಲ್ಲೂ ಆ ಪರೀಕ್ಷೆ ನಡೆಯಿತು. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಹೊಳೆಸಿಕೊಂಡ ಈ ವಿಧಾನದಲ್ಲಿ ಡಿಎನ್‌ಎಯ ತುಣುಕು ಸುತ್ತು ಸುತ್ತಿಗೂ ಇಮ್ಮಡಿಯಾಗುತ್ತದೆ. 30 ಸುತ್ತಿಗೆ ಒಂದು ತುಣುಕು 100 ಕೋಟಿ ದಾಟುತ್ತದೆ! ಜೊತೆಗೆ ಹಾಕಿದ ಬಣ್ಣ ಎಷ್ಟನೇ ಸುತ್ತಿಗೆ ಹೊಳೆಯಿತು ಎಂಬುದನ್ನು, ಪ್ರಮಾಣ ಗೊತ್ತಿರುವ ಬೇರೊಂದು ಮಾದರಿಯೊಡನೆ ಹೋಲಿಸಿ, ಮೊದಲು ಎಷ್ಟಿತ್ತೆಂದು ಹೇಳುತ್ತಾರೆ. ಇದು ಅಂದಾಜು.

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರ ದೇಹದಲ್ಲಿ ರೋಗದ ಕೋಶಗಳು ಇನ್ನೂ ಎಷ್ಟು ಉಳಿದಿವೆ? ಇಲ್ಲಿ ಅಂದಾಜು ಸಾಲದು. ಆಸ್ಟ್ರೇಲಿಯಾದ ಅಡಿಲೇಡ್‌ನ ವಿಜ್ಞಾನಿಗಳು 1992ರಲ್ಲಿ ಒಂದು ದಾರಿ ತೋರಿಸಿದರು: ಮಾದರಿಯನ್ನು ತೆಳುವಾಗಿಸಿ, ಹಲವು ಪಾಲು ಮಾಡಿ, ಪ್ರತಿ ಪಾಲಿಗೂ 'ಇದೆಯೋ, ಇಲ್ಲವೋ' ಎಂದಷ್ಟೇ ಕೇಳುವುದು. 1999ರಲ್ಲಿ ಅಮೆರಿಕದ ವೊಗೆಲ್‌ಸ್ಟೈನ್ ಮತ್ತು ಕಿಂಜ್ಲರ್ ಇದನ್ನು ಡಿಜಿಟಲ್ ಪಿಸಿಆರ್ ಎಂದು ಕರೆದರು. 2011ರ ಹೊತ್ತಿಗೆ ಮಾದರಿಯನ್ನು ಎಣ್ಣೆಯಲ್ಲಿ ಸುಮಾರು 20,000 ಸಣ್ಣ ಹನಿಗಳಾಗಿ ಒಡೆಯುವ ಯಂತ್ರ ಬಂತು. ಪ್ರತಿ ಹನಿಯೂ ಒಂದು ಪರೀಕ್ಷಾ ನಳಿಕೆಯಿದ್ದಂತೆ. ತುಣುಕಿರುವ ಹನಿ ಹೊಳೆಯುತ್ತದೆ, ಇಲ್ಲದ್ದು ಕಪ್ಪಾಗಿ ಉಳಿಯುತ್ತದೆ.

ಹೊಳೆದವನ್ನು ಎಣಿಸಿದರೆ ಮುಗಿಯಿತೇ? ಇಲ್ಲ. ಕಣ್ಣು ಮುಚ್ಚಿ 20 ಜೋಳದ ಕಾಳುಗಳನ್ನು 20 ಬಟ್ಟಲಿಗೆ ಎರಚಿ ನೋಡಿ. ಕೆಲವು ಖಾಲಿ, ಕೆಲವಕ್ಕೆ ಒಂದು, ಕೆಲವಕ್ಕೆ ಎರಡು ಮೂರು. ಹನಿಗಳಲ್ಲೂ ಹಾಗೆಯೇ. ಎರಡು ತುಣುಕಿರುವ ಹನಿಯೂ ಒಂದೇ ಎಂದು ಕಾಣುತ್ತದೆ. ಆದ್ದರಿಂದ ಲೆಕ್ಕ ಹಿಡಿಯುವುದು ಖಾಲಿ ಹನಿಗಳಿಂದ! 20,000ದಲ್ಲಿ 10,000 ಖಾಲಿ ಉಳಿದರೆ ತುಣುಕುಗಳು 10,000 ಅಲ್ಲ, ಸುಮಾರು 13,860. ಫ್ರಾನ್ಸಿನ ಪ್ವಾಸಾನ್ 19ನೇ ಶತಮಾನದಲ್ಲೇ ಕೊಟ್ಟ ಸೂತ್ರವಿದು. ಪಿಯುಸಿಯಲ್ಲಿ ಲಾಗರಿದಮ್ ಏಕೆ ಎಂದು ಗೊಣಗುವ ಮಕ್ಕಳು ಇದನ್ನು ಮಾಡಿ ನೋಡಲಿ.

ನಮ್ಮ ಎರೆಭೂಮಿಯ ಹತ್ತಿಗೂ ಇದು ದೂರದ ಮಾತಲ್ಲ. ಬೀಜದಲ್ಲಿ ಬಿಟಿ ವಂಶವಾಹಿಯ ಪಾಲು ಎಷ್ಟೆಂದು ಹೇಳಲೂ ಈ ವಿಧಾನ ಬಳಕೆಯಲ್ಲಿದೆ. ಆದರೆ ಯಂತ್ರ ದುಬಾರಿ. ಮೇಲಾಗಿ, ತೆಗೆದ ರಕ್ತದಲ್ಲೇ ರೋಗದ ತುಣುಕು ಬಾರದಿದ್ದರೆ ಹನಿಗಳೆಲ್ಲ ಕಪ್ಪೇ. ದೇಹದಲ್ಲಿ ಇಲ್ಲವೆಂದು ಅದರಿಂದ ಹೇಳಲಾಗದು. ಅದಕ್ಕೇ ಸೊನ್ನೆ ಬಂದಾಗ ಎಷ್ಟು ರಕ್ತ ತೆಗೆದಿದ್ದರು ಎಂದೂ ಕೇಳಬೇಕು.