ಕ್ಲಚ್ಚಿಗೂ ಹೊಟ್ಟೆಗೂ ನಡುವೆ



ದೊಡ್ಡ ಮೈಕಟ್ಟಿನ ಚಾಲಕರಿಗೆ ಕಾರಿನ ಸೀಟು ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದು ಈ ಸಂಕಿರಣದ ವಿಷಯ. ಆಹ್ವಾನ ಪತ್ರಿಕೆ ನೋಡಿದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ‘ಇದಕ್ಕೂ ಒಂದು ಸಂಕಿರಣ ಬೇಕಾ? ತೂಕ ಇಳಿಸಿಕೊಂಡರೆ ಮುಗಿಯಿತಲ್ಲ’ ಎಂದರು. ಈ ಸಭೆಯಲ್ಲೂ ಹಾಗೆ ಯೋಚಿಸುವವರು ಇರಬಹುದು, ಆದ್ದರಿಂದ ಅದನ್ನು ಮೊದಲೇ ತೀರಿಸಿಬಿಡುತ್ತೇನೆ. ತೂಕ ಇಳಿಸುವುದು ಆ ವ್ಯಕ್ತಿಗೂ ಅವರ ವೈದ್ಯರಿಗೂ ಬಿಟ್ಟ ವಿಚಾರ. ಇಳಿಯುವುದಿದ್ದರೂ ತಿಂಗಳುಗಟ್ಟಲೆ ಹಿಡಿಯುತ್ತದೆ, ಎಷ್ಟೋ ಜನಕ್ಕೆ ಇಳಿಯುವುದೇ ಇಲ್ಲ. ನಾಳೆ ಬೆಳಗಿನ ಜಾವ ದೇವನಹಳ್ಳಿ ಏರ್‌ಪೋರ್ಟಿಗೆ ಬಾಡಿಗೆ ಹೊಡೆಯಬೇಕಾದವರು ಇವತ್ತಿನ ಮೈಯಲ್ಲೇ ಕೂರಬೇಕು. ಸೀಟು ಮಾಡುವವರ ಲೆಕ್ಕಕ್ಕೆ ಬರಬೇಕಾದ್ದು ಆ ಮೈ.

ಅಂಥವರು ಎಷ್ಟು ಜನ? 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. 15ರಿಂದ 49 ವರ್ಷದೊಳಗಿನವರಲ್ಲಿ ಹೆಂಗಸರ ಪೈಕಿ ಶೇ. 24, ಗಂಡಸರ ಪೈಕಿ ಶೇ. 23ರಷ್ಟು ಜನರ ಬಿಎಂಐ 25 ಅಥವಾ ಅದಕ್ಕೂ ಮೇಲೆ. ಕರ್ನಾಟಕದಲ್ಲಿ ಎರಡೂ ಶೇ. 30 ದಾಟಿವೆ. ಆದರೆ ನಮಗೆ ಇದಕ್ಕಿಂತ ಉಪಯೋಗದ ಅಂಕಿ ಅದೇ ಸಮೀಕ್ಷೆಯಲ್ಲಿ ಇನ್ನೊಂದಿದೆ. ಆ ಸುತ್ತಿನಲ್ಲಿ ಸೊಂಟ ಮತ್ತು ನಿತಂಬದ ಸುತ್ತಳತೆಯನ್ನೂ ತೆಗೆದುಕೊಂಡರು. ಎರಡರ ಅನುಪಾತ ಆರೋಗ್ಯಕ್ಕೆ ಅಪಾಯದ ಗೆರೆ ದಾಟಿದವರು ಹೆಂಗಸರಲ್ಲಿ ಸುಮಾರು ಶೇ. 57, ಗಂಡಸರಲ್ಲಿ ಸುಮಾರು ಶೇ. 48. ಅಂದರೆ ತೂಕದ ಲೆಕ್ಕದಲ್ಲಿ ದಪ್ಪ ಅನ್ನಿಸಿಕೊಳ್ಳದ ಎಷ್ಟೋ ಜನಕ್ಕೂ ಹೊಟ್ಟೆ ಇದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು ಬಹಳ ವರ್ಷಗಳಿಂದ ಹೇಳುತ್ತ ಬಂದದ್ದೂ ಇದನ್ನೇ: ಬಿಎಂಐ ಒಂದೇ ಇದ್ದರೂ ಯುರೋಪಿನವರಿಗಿಂತ ನಮ್ಮವರ ಮೈಯಲ್ಲಿ ಕೊಬ್ಬು ಹೆಚ್ಚು, ಅದರಲ್ಲೂ ಹೊಟ್ಟೆಯ ಸುತ್ತ.

ನಾನು ಇವತ್ತು ಹೇಳಬೇಕಾದ್ದು ಇಲ್ಲಿಂದ ಶುರುವಾಗುತ್ತದೆ. ದೊಡ್ಡ ಚಾಲಕ ಅಂದರೆ ಉದ್ದನೆಯ ಚಾಲಕ ಎಂದುಕೊಂಡು ಕಾರು ಉದ್ಯಮ ಸೀಟು ಮಾಡುತ್ತ ಬಂದಿದೆ. ನಮ್ಮ ರಸ್ತೆಯಲ್ಲಿ ಒದ್ದಾಡುತ್ತಿರುವ ದೊಡ್ಡ ಚಾಲಕ ಬಹುಪಾಲು ಸಾಧಾರಣ ಎತ್ತರದವನು, ಕಾಲು ಗಿಡ್ಡ, ಸೊಂಟ ಅಗಲ, ಹೊಟ್ಟೆ ಮುಂದೆ. ಹೆಂಗಸರಾದರೆ ಕಾಲು ಇನ್ನೂ ಗಿಡ್ಡ. ಇವರಿಗೆ ಬೇಕಾದ ಜಾಗವೇ ಬೇರೆ.

ಸೀಟಿನ ವಿನ್ಯಾಸ ಹೊರಡುವುದು ಎಚ್-ಪಾಯಿಂಟ್ ಎಂಬ ಬಿಂದುವಿನಿಂದ. ಕೂತಾಗ ತೊಡೆಯೂ ಮುಂಡವೂ ಮಡಚುವ ಜಾಗ ಅದು. ಸ್ಟೇರಿಂಗ್ ಎಲ್ಲಿರಬೇಕು, ಪೆಡಲ್ ಎಷ್ಟು ದೂರ, ಕಣ್ಣಿಗೆ ರಸ್ತೆ ಎಷ್ಟು ಕಾಣಬೇಕು, ಎಲ್ಲವನ್ನೂ ಅಲ್ಲಿಂದಲೇ ಅಳೆಯುತ್ತಾರೆ. ಆ ಬಿಂದುವನ್ನು ಹುಡುಕಲು ಸೀಟಿನ ಮೇಲೆ ಒಂದು ಯಂತ್ರವನ್ನು ಕೂರಿಸುತ್ತಾರೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ 1962ರಲ್ಲಿ ಜೆ826 ಎಂಬ ಮಾನಕದಲ್ಲಿ ಅದನ್ನು ಗೊತ್ತುಮಾಡಿತು. ಅದರ ತೂಕ ಸರಾಸರಿ ಅಮೆರಿಕನ್ ಗಂಡಸಿನದು, ಸುಮಾರು 76 ಕೆ.ಜಿ. ಕಾಲು ಮಾತ್ರ ಸಾಮಾನ್ಯವಾಗಿ 95ನೇ ಪರ್ಸೆಂಟೈಲಿನದು, ನೂರಕ್ಕೆ ತೊಂಬತ್ತೈದು ಗಂಡಸರ ಕಾಲಿಗಿಂತ ಉದ್ದ. ಇನ್ನು ಹೊಟ್ಟೆಯ ವಿಷಯಕ್ಕೆ ಬಂದರೆ ಅದಕ್ಕೆ ಹೊಟ್ಟೆಯೇ ಇಲ್ಲ. ಬೆನ್ನಿಗೊಂದು ಚಿಪ್ಪು, ಕೂರಲೊಂದು ಚಿಪ್ಪು, ತೂಕಕ್ಕೆ ಗುಂಡುಗಳು. ಅದನ್ನು ಮಾಡಿದವರು ದಡ್ಡರೇನಲ್ಲ. ಸೀಟಿಗೆ ತಾಗುವುದು ಬೆನ್ನು ಮತ್ತು ಅಂಡು, ಅವರು ಅಳೆಯಲು ಹೊರಟದ್ದು ಅಷ್ಟನ್ನೇ. ಆದರೆ ಸರಾಸರಿ ಮುಂಡ, ಉದ್ದ ಕಾಲು, ಹೊಟ್ಟೆ ಇಲ್ಲ ಎಂಬ ಈ ಆಸಾಮಿಯನ್ನು ನಮ್ಮ ಚಾಲಕನ ಪಕ್ಕದಲ್ಲಿ ಕೂರಿಸಿ ನೋಡಿ. ಪ್ರತಿಯೊಂದೂ ತಿರುಗುಮುರುಗು.

‘ಹಿಂದೆ ಹಾಕ್ಕೊಂಡ್ರೆ ಕ್ಲಚ್ ಸಿಗಲ್ಲ ಸಾರ್, ಮುಂದೆ ಹಾಕ್ಕೊಂಡ್ರೆ ಸ್ಟೇರಿಂಗು ಹೊಟ್ಟೆಗೆ ತಗಲತ್ತೆ.’ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಸೀಟಿನ ಹಳಿಯನ್ನು ಇನ್ನಷ್ಟು ಹಿಂದಕ್ಕೆ ಬೆಳೆಸಿದರೆ ಆರಡಿ ಆಳಿಗೆ ಅನುಕೂಲ, ಐದಡಿ ನಾಲ್ಕಂಗುಲದ ಈ ಮನುಷ್ಯನಿಗೆ ಏನೂ ಇಲ್ಲ. ಅವನು ಏನು ಮಾಡುತ್ತಾನೆ ಅಂದರೆ, ಕಾಲಿಗಾಗಿ ಸೀಟು ಮುಂದೆ ತರುತ್ತಾನೆ, ಹೊಟ್ಟೆಗಾಗಿ ಬೆನ್ನಿನ ಭಾಗವನ್ನು ಹಿಂದಕ್ಕೆ ಮಲಗಿಸುತ್ತಾನೆ. ಸೊಂಟ ಮುಂದೆ ಜಾರುತ್ತದೆ, ಸೊಂಟದ ಹಿಂದೆ ಪೊಳ್ಳು ಉಳಿಯುತ್ತದೆ, ಭುಜ ಸೀಟು ಬಿಟ್ಟು ಎದ್ದು ಕೈ ಚಾಚಿಕೊಳ್ಳುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ ಭಂಗಿಯಲ್ಲಿ ಗಂಟೆಗಟ್ಟಲೆ ಕ್ಲಚ್ ಒತ್ತಿದ ಮೇಲೆ ಸೊಂಟನೋವು ಬರದೆ ಇನ್ನೇನು ಬರುತ್ತದೆ? ಇವನಿಗೆ ಬೇಕಾದ್ದು ಡ್ಯಾಶ್‌ಬೋರ್ಡಿನ ಕಡೆಗೆ ಸರಿಯುವ ಸ್ಟೇರಿಂಗ್. ನಮ್ಮ ಅಗ್ಗದ ಕಾರುಗಳ ಸ್ಟೇರಿಂಗ್ ಸರಿದರೆ ಬಹುತೇಕ ಮೇಲೆ ಕೆಳಗೆ ಮಾತ್ರ. ಮೇಲೆತ್ತಿದರೆ ತೊಡೆಗೆ ಜಾಗ ಸಿಗುತ್ತದೆ, ಹೊಟ್ಟೆಗೆ ಸಿಗುವುದಿಲ್ಲ.

ಈ ಗಂಟನ್ನು ಒಮ್ಮೆ ಯಾರೋ ಉದ್ದೇಶವಿಲ್ಲದೆಯೇ ಸಡಿಲಿಸಿದರು ಎಂಬುದು ನನಗೆ ಇಷ್ಟವಾದ ಕತೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಕ್ಲಚ್ ಪೆಡಲ್ ಇಲ್ಲದ ಎಎಂಟಿ ಗೇರು ಸಣ್ಣ ಕಾರಿಗೆ ಬಂತು. ಟ್ರಾಫಿಕ್ಕಿನಲ್ಲಿ ಕಾಲು ನೋಯುವುದಿಲ್ಲ ಎಂದು ಅದನ್ನು ಮಾರಿದರು. ಆದರೆ ಎಡಗಾಲಿಗೆ ಪೂರ್ತಿ ಒತ್ತುವ ಕೆಲಸ ತಪ್ಪಿದ್ದರಿಂದ ಗಿಡ್ಡ ಕಾಲಿನವರು ಸೀಟನ್ನು ಒಂದಷ್ಟು ಹಿಂದೆ ಹಾಕಿಕೊಳ್ಳಬಹುದಾಯಿತು. ಸೀಟನ್ನು ಮುಟ್ಟದೆಯೇ ಸೀಟು ಒಗ್ಗಿತು. ಅದಕ್ಕೂ ಮೊದಲು, 1998ರಲ್ಲಿ ಸ್ಯಾಂಟ್ರೊ, ಮರುವರ್ಷ ವ್ಯಾಗನ್ಆರ್ ಎಂಬ ಎತ್ತರದ ಕಾರುಗಳು ಬಂದಾಗ ಅವುಗಳ ರೂಪ ನೋಡಿ ಜನ ಮೂಗು ಮುರಿದರು. ಕುಳಿತು ನೋಡಿದವರು ಕೊಂಡರು. ಸೀಟು ಎತ್ತರದಲ್ಲಿದ್ದರೆ ಕಾಲು ಮುಂದಕ್ಕೆ ಚಾಚುವ ಬದಲು ಕೆಳಗೆ ಇಳಿಯುತ್ತದೆ, ತೊಡೆ ಹೊಟ್ಟೆಯನ್ನು ಒತ್ತುವುದಿಲ್ಲ, ಮಂಡಿ ನೋವಿನವರು ಒಳಗೆ ಬೀಳದೆ ಸುಮ್ಮನೆ ಪಕ್ಕಕ್ಕೆ ಸರಿದು ಕೂರಬಹುದು. ಅಗಲ ಕಡಿಮೆಯಿದ್ದ ಕಾರನ್ನೂ ದೊಡ್ಡ ಮೈಯವರು ಒಪ್ಪಿಕೊಂಡದ್ದಕ್ಕೆ ಎತ್ತರ ಕಾರಣ. ಅಂಬಾಸಿಡರಿನ ಬೆಂಚ್ ಸೀಟನ್ನು ನೆನೆದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಬಹಳ. ಅದರಲ್ಲಿ ಅಗಲವಂತೂ ಧಾರಾಳವಾಗಿತ್ತು, ಆದರೆ ಸೊಂಟಕ್ಕೂ ಪಕ್ಕಕ್ಕೂ ಆಸರೆ ಇರಲಿಲ್ಲ. ನಾನು ಆ ನಿಟ್ಟುಸಿರಿಗೆ ದನಿಗೂಡಿಸುವುದಿಲ್ಲ.

ಅಗಲದ ವಿಚಾರದಲ್ಲಿ ಪಾಠ ಹಳೆಯದು: ಸೀಟಿನ ಅಗಲಕ್ಕೆ ದೊಡ್ಡ ಹೆಂಗಸಿನ ನಿತಂಬದ ಅಳತೆ ಹಿಡಿ, ಉದ್ದಕ್ಕೆ ಚಿಕ್ಕ ಹೆಂಗಸಿನ ತೊಡೆಯ ಅಳತೆ ಹಿಡಿ. ಅಗಲ ಕಡಿಮೆಯಾದರೆ ದೊಡ್ಡವರಿಗೆ ಕಷ್ಟ, ಉದ್ದ ಹೆಚ್ಚಾದರೆ ಚಿಕ್ಕವರ ಮಂಡಿಯ ಹಿಂದೆ ಒತ್ತುತ್ತದೆ. ಇಷ್ಟು ಗೊತ್ತಿದ್ದೂ ಕ್ರೀಡಾ ಕಾರಿನ ಮೋಹದಿಂದ ಸೀಟಿನ ಎರಡೂ ಪಕ್ಕಕ್ಕೆ ಗಟ್ಟಿ ದಿಂಡು ಕಟ್ಟುವ ಚಾಳಿ ಬಂದಿದೆ. ತಿರುವಿನಲ್ಲಿ ಮೈ ವಾಲದಿರಲಿ ಎಂದು ಅದು ಹುಟ್ಟಿತು. ಹೊರವರ್ತುಲ ರಸ್ತೆಯಲ್ಲಿ ತೆವಳುವ ಕಾರಿಗೆ ಯಾವ ತಿರುವು? ಕಾರುಗಳು ಈ ಇಪ್ಪತ್ತು ವರ್ಷಗಳಲ್ಲಿ ಹೊರಗಿನಿಂದ ಸಾಕಷ್ಟು ಅಗಲವಾಗಿವೆ. ಅದರಲ್ಲಿ ಒಂದು ಪಾಲು ಬಾಗಿಲಿನ ದಪ್ಪಕ್ಕೆ ಹೋಯಿತು, ಅದು ಸುರಕ್ಷತೆಗೆ, ನನ್ನ ತಕರಾರಿಲ್ಲ. ಇನ್ನೊಂದು ಪಾಲು ನಡುವಿನ ಕನ್ಸೋಲಿಗೆ, ಲೋಟ ಇಡುವ ಗುಂಡಿಗೆ ಹೋಯಿತು. ಅಲ್ಲಿ ತಕರಾರಿದೆ.

ಫೋಮಿನ ಬಗ್ಗೆ ನಾಳೆ ಬೆಳಗ್ಗೆ ಪ್ರತ್ಯೇಕ ಗೋಷ್ಠಿ ಇದೆ, ನಾನು ಚುಟುಕಾಗಿ ಹೇಳುತ್ತೇನೆ. ಭಾರದ ಮೈ ಫೋಮಿನಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ, ಜೊತೆಗೆ ಎಚ್-ಪಾಯಿಂಟೂ ಕಣ್ಣಿನ ಮಟ್ಟವೂ ಇಳಿಯುತ್ತವೆ. ಶೋರೂಮಿನಲ್ಲಿ ಐದು ನಿಮಿಷ ಕೂತಾಗ ಮೆತ್ತಗೆ ಹಿತವಾಗಿದ್ದ ಸೀಟು, ತುಮಕೂರು ದಾಟಿ ಹಿರಿಯೂರು ಬರುವ ಹೊತ್ತಿಗೆ ಅಡಿಯ ಕಬ್ಬಿಣವನ್ನು ತೋರಿಸುತ್ತದೆ. ಆಮೇಲೆ ಚಾಲಕ ಅಂಗಡಿಗೆ ಹೋಗಿ ದಪ್ಪನೆಯ ರೆಕ್ಸಿನ್ ಕವರ್ ಹಾಕಿಸುತ್ತಾನೆ. ಇರುವ ಜಾಗ ಇನ್ನಷ್ಟು ಕಿರಿದಾಗುತ್ತದೆ, ಬೆವರು ಹೆಚ್ಚುತ್ತದೆ, ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳಬೇಕಾದ ಏರ್‌ಬ್ಯಾಗಿಗೂ ತಡೆ ಬೀಳಬಹುದು. ಮರದ ಮಣಿಯ ಹಾಸನ್ನು ನೋಡಿ ನಾವು ಓದಿದವರು ನಗುತ್ತೇವೆ. ಬೆನ್ನಿಗೂ ಸೀಟಿಗೂ ನಡುವೆ ಗಾಳಿ ಆಡಿಸುವ ಉಪಾಯವನ್ನು ಚಾಲಕರು ತಾವೇ ಕಂಡುಕೊಂಡರು. ಕಂಪನಿಗಳ ಗಾಳಿಯಾಡುವ ಸೀಟು ಇನ್ನೂ ದುಬಾರಿ ಮಾದರಿಗಳಲ್ಲೇ ಇದೆ.

ಸೌಕರ್ಯದ ಮಾತು ಆಡುತ್ತ ಜೀವದ ಮಾತಿಗೆ ಬರಬೇಕು. ಸೀಟ್ ಬೆಲ್ಟಿನ ಕೆಳಗಿನ ಪಟ್ಟಿ ಕಟಿಯ ಎಲುಬಿನ ಮೇಲೆ, ತೊಡೆಯ ಬುಡಕ್ಕೆ ತಾಗಿ ಕೂರಬೇಕು. ಮಿಶಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆಯಲ್ಲಿ ಮ್ಯಾಥ್ಯೂ ರೀಡ್ ಮತ್ತು ಸಂಗಡಿಗರು ಜನರನ್ನು ಕೂರಿಸಿ ಅಳೆದು 2012ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಬಿಎಂಐ 10 ಹೆಚ್ಚಾದರೆ ಕೆಳಪಟ್ಟಿ ಆ ಎಲುಬಿನಿಂದ ಸರಾಸರಿ 43 ಮಿ.ಮೀ. ಮುಂದೆ, 21 ಮಿ.ಮೀ. ಮೇಲೆ ಹೋಗಿ ಕೂರುತ್ತದೆ. ಡಿಕ್ಕಿಯಾದ ಕ್ಷಣದಲ್ಲಿ ಪಟ್ಟಿ ಮೊದಲು ಹೊಟ್ಟೆಯ ಕೊಬ್ಬನ್ನು ಅದುಮಿ ಆಮೇಲೆ ಎಲುಬನ್ನು ಹಿಡಿಯಬೇಕು. ಅಷ್ಟರಲ್ಲಿ ಸೊಂಟ ಮುಂದೆ ನುಗ್ಗಿರುತ್ತದೆ. ಅಮೆರಿಕದ ಸುರಕ್ಷತಾ ನಿಯಮ 208ರಲ್ಲಿ ಬೆಲ್ಟು ಹೊಂದಬೇಕಾದ ಅತಿ ದೊಡ್ಡ ಗಂಡಸಿನ ತೂಕ 215 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 98 ಕೆ.ಜಿ. ಅದು 1960ರ ದಶಕದ ಮೈ. 2014ರಲ್ಲಿ ಹ್ಯೂಮನೆಟಿಕ್ಸ್ ಕಂಪನಿ 273 ಪೌಂಡಿನ, ಬಿಎಂಐ 35ರ ಡಿಕ್ಕಿ ಪರೀಕ್ಷೆಯ ಡಮ್ಮಿ ತಯಾರಿಸಲು ಹೊರಟಾಗ ಪತ್ರಿಕೆಗಳಿಗೆ ಅದು ತಮಾಷೆಯ ಸುದ್ದಿಯಾಯಿತು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ನಮ್ಮ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ಅದು ಬಂದದ್ದು ದೊಡ್ಡ ಹೆಜ್ಜೆ. ಮುಂದಿನಿಂದ ಗುದ್ದಿಸುವ ಪರೀಕ್ಷೆಯಲ್ಲಿ ಸ್ಟೇರಿಂಗ್ ಹಿಂದೆ ಕೂರುವುದು ಮಾತ್ರ ಸುಮಾರು 78 ಕೆ.ಜಿ.ಯ ಸರಾಸರಿ ಗಂಡಸು.

ಏರ್‌ಬ್ಯಾಗಿನ ವಿಷಯದಲ್ಲಿ ಎದೆಯ ಎಲುಬಿಗೂ ಸ್ಟೇರಿಂಗಿನ ನಡುವಿಗೂ 25 ಸೆಂ.ಮೀ. ಅಂತರವಿರಲಿ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಹೇಳುತ್ತದೆ. ನಮ್ಮ ಚಾಲಕ ಎದೆ ಹಿಂದಿಟ್ಟು ಆ ಅಂತರವನ್ನು ಕಾಪಾಡಿಕೊಂಡಿರಬಹುದು, ಆದರೆ ಸ್ಟೇರಿಂಗಿನ ಕೆಳಗಿನ ಅಂಚು ಹೊಟ್ಟೆಗೆ ಆತುಕೊಂಡೇ ಇರುತ್ತದೆ. ಇನ್ನೊಂದು ಮಾತು. ಬೆಲ್ಟಿನ ಎಚ್ಚರಿಕೆ ಗಂಟೆಯನ್ನು ಬಾಯಿ ಮುಚ್ಚಿಸುವ ಕ್ಲಿಪ್ಪುಗಳನ್ನು ಮಾರದಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಐದು ಆನ್‌ಲೈನ್ ಮಾರಾಟಗಾರರಿಗೆ ಆದೇಶ ಕೊಟ್ಟಿತು. ಸರಿಯಾದ ಆದೇಶ. ಆದರೆ ಆ ಕ್ಲಿಪ್ ಕೊಂಡವರೆಲ್ಲ ಉಡಾಫೆಯವರಲ್ಲ. ಮೇಲ್ಪಟ್ಟಿ ಕತ್ತು ಕೊಯ್ಯುತ್ತದೆ, ಕೆಳಪಟ್ಟಿ ಉಸಿರು ಕಟ್ಟಿಸುತ್ತದೆ, ಬಕಲ್ಲು ತೊಡೆಯ ಕೆಳಗೆ ಹೂತುಹೋಗಿ ಕೈಗೇ ಸಿಗುವುದಿಲ್ಲ ಎನ್ನುವವರೂ ಅವರಲ್ಲಿದ್ದಾರೆ. ದಂಡ ಹಾಕುವುದು ಪೊಲೀಸರ ಕೆಲಸ. ಬಕಲ್ಲನ್ನು ಮೇಲೆ ತರುವುದು ಈ ಸಭೆಯ ಕೆಲಸ.

ನನಗೆ ನಿಜಕ್ಕೂ ಸಿಟ್ಟು ಬರುವುದು ಒಂದು ವಿಷಯಕ್ಕೆ. ಸೀಟಿನ ಎತ್ತರ ಬದಲಿಸುವ ಹಿಡಿ, ಹಿಂದೆ ಮುಂದೆ ಸರಿಯುವ ಸ್ಟೇರಿಂಗ್, ಸೊಂಟಕ್ಕೆ ಆಸರೆ, ಬೆಲ್ಟಿನ ಮೇಲ್ತುದಿಯನ್ನು ಏರಿಸಿ ಇಳಿಸುವ ವ್ಯವಸ್ಥೆ, ಇವೆಲ್ಲ ಟಾಪ್ ಎಂಡ್ ಮಾದರಿಯ ಅಲಂಕಾರಗಳ ಪಟ್ಟಿಯಲ್ಲಿ ಸೇರಿಕೊಂಡಿವೆ. ದಿನಕ್ಕೆ ಒಂದು ಗಂಟೆ ಓಡಿಸುವ ಮಾಲೀಕನಿಗೆ ಅವೆಲ್ಲ ಸಿಗುತ್ತವೆ. ಹಳದಿ ಬೋರ್ಡಿನ ಕಾರಾಗುವುದು ಹೆಚ್ಚಾಗಿ ಬೇಸ್ ಮಾದರಿ, ಹತ್ತು ಹನ್ನೆರಡು ಗಂಟೆ ಕೂರುವವನು ಅದರಲ್ಲಿ. ಲಾರಿಗಳ ಕ್ಯಾಬಿನ್ನಿಗೆ 2025ರಿಂದ ಎ.ಸಿ. ಕಡ್ಡಾಯ ಮಾಡಿದರಲ್ಲ, ಚಾಲಕನ ಮೈ ಸರ್ಕಾರದ ನಿಯಮಕ್ಕೆ ವಸ್ತುವಾಗಬಹುದು ಎಂದು ಅಷ್ಟಾದರೂ ಒಪ್ಪಿದಂತಾಯಿತು. ಟ್ಯಾಕ್ಸಿಯಾಗಿ ನೋಂದಣಿಯಾಗುವ ಕಾರಿಗೆ ಸರಿಯುವ ಸ್ಟೇರಿಂಗ್ ಕಡ್ಡಾಯ ಮಾಡಿ ಎಂದು ಈ ಸಂಕಿರಣ ಕೇಳಬೇಕು.

ಕಂಪನಿಗಳಿಂದ ಇನ್ನೊಂದು ಕೇಳಬೇಕು, ಅದಕ್ಕೆ ಖರ್ಚೂ ಇಲ್ಲ. ಕಾರಿನ ಬ್ರೋಷರಿನಲ್ಲಿ ಡಿಕ್ಕಿ ಎಷ್ಟು ಲೀಟರು ಎಂದು ಬರೆದಿರುತ್ತಾರೆ. ಮುಂದಿನ ಸೀಟಿನ ಅಗಲ ಎಷ್ಟು, ಬೆಲ್ಟು ಎಷ್ಟು ಉದ್ದ ಬರುತ್ತದೆ, ಸ್ಟೇರಿಂಗಿಗೂ ಸೀಟಿನ ಬೆನ್ನಿಗೂ ಗರಿಷ್ಠ ಅಂತರ ಎಷ್ಟು ಎಂದು ಬರೆದಿರುವುದಿಲ್ಲ. ಸೂಟ್‌ಕೇಸಿಗೆ ಸಿಕ್ಕ ಮರ್ಯಾದೆ ಮನುಷ್ಯನಿಗೂ ಸಿಗಲಿ.

ಅಳತೆಯ ವಿಷಯದಲ್ಲಿ ನಮ್ಮ ಕಡೆಯ ಬಾಕಿಯೂ ಇದೆ. 1997ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿ ಪ್ರಕಟಿಸಿದ ದೇಬ್‌ಕುಮಾರ್ ಚಕ್ರಬರ್ತಿ ಅವರ ಭಾರತೀಯ ದೇಹದಳತೆಗಳ ಪುಸ್ತಕವನ್ನು ನಮ್ಮ ತರಗತಿಗಳಲ್ಲಿ ಇಂದಿಗೂ ತೆರೆಯುತ್ತೇವೆ. ಋಣ ದೊಡ್ಡದು, ಆದರೆ ಆಮೇಲೆ ಒಂದು ತಲೆಮಾರು ಬೆಳೆದು ದಪ್ಪಗಾಗಿದೆ. ಬಟ್ಟೆಯ ಸೈಜು ಗೊತ್ತುಮಾಡಲು ನಿಫ್ಟ್ ಫ್ಯಾಷನ್ ಸಂಸ್ಥೆ ಇಪ್ಪತ್ತೈದು ಸಾವಿರ ಜನರನ್ನು ಸ್ಕ್ಯಾನ್ ಮಾಡುವ ಸಮೀಕ್ಷೆ ಕೈಗೊಂಡಿತು. ಷರಟಿಗೆ ನಿಂತ ಮೈ ಸಾಕು. ಸೀಟಿಗೆ ಕೂತ ಮೈಯ ಅಳತೆ ಬೇಕು, ಕೂತಾಗ ಹೊಟ್ಟೆ ಮುಂದೆ ಬರುತ್ತದೆ, ನಿತಂಬ ಅಗಲವಾಗುತ್ತದೆ.

ಮಧ್ಯಾಹ್ನ ಅಂಗಳದಲ್ಲಿ ನಿಲ್ಲಿಸಿರುವ ಕಾರುಗಳಲ್ಲಿ ಇವತ್ತಿನ ಬಾಡಿಗೆ ಬಿಟ್ಟು ಬಂದಿರುವ ಚಾಲಕ ಮಿತ್ರರು ಕೂರುತ್ತಾರೆ, ವಿದ್ಯಾರ್ಥಿಗಳು ಅಳೆಯುತ್ತಾರೆ. ಸಂಘಟಕರು ಮಾಡಿದ ಹಾಳೆಯಲ್ಲಿ ಎತ್ತರ, ತೂಕ ಎಂಬ ಕಲಂಗಳಿದ್ದವು. ಕೂತಾಗಿನ ಹೊಟ್ಟೆಯ ಆಳ, ಕೂತಾಗಿನ ನಿತಂಬದ ಅಗಲ, ಕ್ಲಚ್ ಪೂರ್ತಿ ಒತ್ತಿದಾಗ ಹೊಟ್ಟೆಗೂ ಸ್ಟೇರಿಂಗಿಗೂ ಉಳಿಯುವ ಅಂತರ, ಇವನ್ನು ಸೇರಿಸಲು ಕೇಳಿಕೊಂಡಿದ್ದೇನೆ. ಹೆಂಗಸರನ್ನು ಹುಡುಗಿಯರೇ ಅಳೆಯಿರಿ. ತೂಕ ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ, ಆ ಕಲಂ ಖಾಲಿ ಬಿಟ್ಟರೂ ನಡೆಯುತ್ತದೆ.