ಲಿನನ್ ಬಟ್ಟೆಗೆ ಕೈ ಅಚ್ಚು: ಸಾಲ ತೆಗೆಯುವ ಮೊದಲು

(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ನೀಡಿದ ಮಾಹಿತಿಯ ಬರಹರೂಪ)



ಹೊಲಿಗೆ ಕಲಿತ ಸಂಘಗಳಿಂದ ನಮಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಾ ಇದೆ. ಲಿನನ್ ಬಟ್ಟೆಗೆ ಕೈಯಿಂದ ಅಚ್ಚು ಹಾಕಿ ಕುಶನ್ ಕವರ್, ಪರದೆ, ಟೇಬಲ್ ಕ್ಲಾತ್ ಮಾಡಿದರೆ ಒಳ್ಳೆ ಬೆಲೆ ಸಿಗುತ್ತಂತೆ, ಅದಕ್ಕೆ ಸಂಘದಿಂದ ಸಾಲ ತೆಗೀಬಹುದಾ ಅಂತ. ಇವತ್ತು ಅದನ್ನೇ ಮಾತಾಡೋಣ.

ಲಿನನ್ ಅಂದರೆ ಅಗಸೆ ಗಿಡದ ಕಾಂಡದ ನಾರಿನಿಂದ ನೇಯ್ದ ಬಟ್ಟೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಅಗಸೆ ಚಟ್ನಿಪುಡಿ ತಿನ್ನುತ್ತಾರಲ್ಲ, ಅದೇ ಅಗಸೆ. ಆದರೆ ನಮ್ಮಲ್ಲಿ ಬೆಳೆಯುವುದು ಬೀಜಕ್ಕಾಗಿ. ನಾರಿಗೆ ಬೆಳೆಯುವ ತಳಿ ಬೇರೆ, ಅದರ ಕಾಂಡ ಉದ್ದ. ಆ ನಾರು ಹೆಚ್ಚಾಗಿ ಫ್ರಾನ್ಸ್, ಬೆಲ್ಜಿಯಂ ಕಡೆಯಿಂದ ಬರಬೇಕು. ಅದಕ್ಕೇ ಲಿನನ್ ಹತ್ತಿ ಬಟ್ಟೆಗಿಂತ ದುಬಾರಿ. ಅಚ್ಚು ಕೆಟ್ಟರೆ ನಷ್ಟವೂ ದುಬಾರಿಯೇ. ಆದ್ದರಿಂದ ಮೊದಲು ಹತ್ತಿ ಬಟ್ಟೆ ಮೇಲೆ ಕೈ ಕುದುರಲಿ ಅನ್ನುತ್ತೇವೆ ನಾವು.

ಕೈ ಅಚ್ಚಿಗೆ ಹೆಸರಾದ ಊರುಗಳು ಜೈಪುರದ ಹತ್ತಿರದ ಸಾಂಗಾನೇರ್, ಬಗರು, ಆಂಧ್ರದ ಮಚಲೀಪಟ್ನಂ ಪಕ್ಕದ ಪೆಡನ. ಬಗರುವಿನವರು ಬಟ್ಟೆಯನ್ನು ಅಳಲೆಕಾಯಿ ನೀರಲ್ಲಿ ಅದ್ದಿ ಒಣಗಿಸುತ್ತಾರೆ. ಕಪ್ಪು ಬಣ್ಣಕ್ಕೆ ಹಳೇ ಕಬ್ಬಿಣ, ಬೆಲ್ಲ ನೀರಿಗೆ ಹಾಕಿ ದಿನಗಟ್ಟಲೆ ಹುಳಿ ಬರಿಸಿ, ಹುಣಸೆ ಬೀಜದ ಪುಡಿಯಿಂದ ಮಂದ ಮಾಡುತ್ತಾರೆ. ಎಲ್ಲಾ ನಮ್ಮ ಮನೆ ಸಾಮಾನೇ! ಆದರೆ ಅದು ತಲೆಮಾರುಗಳ ವಿದ್ಯೆ, ಹತ್ತು ದಿನದ ತರಬೇತಿಯಲ್ಲಿ ಬರುವಂಥದ್ದಲ್ಲ. ಶುರುವಿಗೆ ಅಂಗಡಿಯ ಪಿಗ್ಮೆಂಟ್ ಬಣ್ಣ, ಅದಕ್ಕೆ ಸೇರಿಸುವ ಬೈಂಡರ್ ಸಾಕು.

ಹೊಸ ಲಿನನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಗಂಜಿ ಇದ್ದರೆ ಬಣ್ಣವನ್ನೂ ಹಿಡಿಯುವುದಿಲ್ಲ. ಕತ್ತರಿಸುವ ಮುಂಚೆಯೇ ಬಿಸಿನೀರಲ್ಲಿ ಒಗೆದು ಒಣಗಿಸಿ. ಮೇಜಿನ ಮೇಲೆ ಗೋಣಿ, ಕಂಬಳಿ ಹಾಸಿ ಮೆತ್ತಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಅಚ್ಚಿನ ನಡುಭಾಗ ಮೂಡೋದಿಲ್ಲ. ಮರದ ಅಚ್ಚನ್ನು ಬಣ್ಣದ ಸ್ಪಂಜಿಗೆ ಹಗುರವಾಗಿ ತಾಗಿಸಿ, ಬಟ್ಟೆ ಮೇಲೆ ನೇರ ಇಟ್ಟು, ಮುಷ್ಟಿಯಿಂದ ಒಂದು ಗುದ್ದು. ಪ್ರತಿ ಬಣ್ಣಕ್ಕೂ ಬೇರೆ ಅಚ್ಚು ಬೇಕು. ಲಿನನ್ ಎಳೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ಸಣ್ಣ ಸಣ್ಣ ಹೂವು ಅದರ ಮೇಲೆ ಒಡೆದು ಕಾಣುತ್ತದೆ. ದೊಡ್ಡ ಎಲೆ, ಮಾವಿನಕಾಯಿಯಂಥ ಚಿತ್ರವೇ ಚೆಂದ. ಚೆನ್ನಾಗಿ ಒಣಗಿದ ಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಲೇಬೇಕು. ಕಾವು ಸಾಲದಿದ್ದರೆ ಬಣ್ಣ ನಿಲ್ಲೋದಿಲ್ಲ. ಬಣ್ಣದ ನೀರನ್ನು ಬಾವಿಕಟ್ಟೆ ಹತ್ತಿರ ಚೆಲ್ಲಬೇಡಿ.

ಈಗ ಲೆಕ್ಕ. ಒಂದು ಕವರಿಗೆ ಬಟ್ಟೆ 200 ರೂಪಾಯಿ, ಬಣ್ಣ 20, ಜಿಪ್ಪು-ನೂಲು 20 ಅಂತ ಇಟ್ಟುಕೊಳ್ಳಿ. ಒಟ್ಟು 240. ಅಂಗಡಿಯವರು 280 ಕೊಡುತ್ತೇವೆ ಅಂದರೆ “40 ಲಾಭ” ಅಂತ ಖುಷಿಯಿಂದ ಒಪ್ಪಿಬಿಡುತ್ತೇವೆ ಅಲ್ವಾ? ಅಚ್ಚಿಗೂ ಹೊಲಿಗೆಗೂ ಸೇರಿ ಒಂದು ಗಂಟೆ ಹೋಗಿದೆ. ಅದರ ಕೂಲಿ 60 ಅಂದರೂ ಖರ್ಚು 300 ಆಯ್ತು. ಹತ್ತರಲ್ಲಿ ಒಂದು ಕೆಟ್ಟರೆ ಆ 3,000 ರೂಪಾಯಿ ಉಳಿದ ಒಂಬತ್ತರಿಂದ ಬರಬೇಕು, ಅಂದರೆ ಒಂದಕ್ಕೆ ಸುಮಾರು 333. ಬಸ್ ಚಾರ್ಜು, ಸಾಲದ ಬಡ್ಡಿ ಇನ್ನೂ ಸೇರಿಲ್ಲ. 280ಕ್ಕೆ ಕೊಟ್ಟರೆ ನಮ್ಮ ಕೂಲಿಯನ್ನೇ ಅಂಗಡಿಗೆ ಕೊಟ್ಟು ಬಂದ ಹಾಗೆ. ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ ಮನೆಯವರು “ಸುಮ್ನೆ ಕೂತಿದ್ದಾಳೆ” ಅನ್ನಬಹುದು, ಲೆಕ್ಕದ ಪುಸ್ತಕದಲ್ಲಿ ನಾವೂ ಹಾಗೇ ಬರೆಯೋದು ಬೇಡ.

ಇನ್ನೊಂದು ಮಾತು. ಆರ್ಡರ್ ಅವಸರದ್ದು ಅಂತ ಮೆಷಿನ್ ಪ್ರಿಂಟ್ ಬಟ್ಟೆ ತಂದು ನಡುವೆ ಸೇರಿಸಬೇಡಿ. ಕೈ ಅಚ್ಚಿನಲ್ಲಿ ಎರಡು ಅಚ್ಚು ಸೇರುವ ಕಡೆ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತೆ, ತಿಳಿದವರು ಅದನ್ನೇ ಹುಡುಕುತ್ತಾರೆ.

ಸಾಲದ ಅರ್ಜಿ ಬರೆಯುವ ಮುಂಚೆ ಪ್ರತಿ ಸಂಘದವರು ಒಂದು ಗೇಣು ಬಟ್ಟೆಗೆ ಅಚ್ಚು ಹಾಕಿ, ಇಸ್ತ್ರಿ ಮಾಡಿ, ಐದು ಸಲ ಒಗೆಯಿರಿ. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ, ಬಣ್ಣ ಅಂಟುತ್ತದಾ ನೋಡಿ. ಆ ಎರಡು ತುಂಡನ್ನೂ ಮುಂದಿನ ಸಭೆಗೆ ತನ್ನಿ.